ಕೋಡ್ ಗಿಯಾಸ್ ಎರಡನೇ ಸೀಸನ್ ನೋಡಬಹುದಾ? ನೋಡಿ, ಆದರೆ ಮೊದಲ ನಾಲ್ಕು ಎಪಿಸೋಡ್ ಸ್ವಲ್ಪ ತಾಳ್ಮೆ ಇಟ್ಟುಕೊಳ್ಳಿ

ಜಪಾನಿನ ಅನಿಮೆ ಸರಣಿ ‘ಕೋಡ್ ಗಿಯಾಸ್’ನ ಮೊದಲ ಸೀಸನ್ ಈಗಷ್ಟೇ ಮುಗಿಸಿದ್ದೀರಿ. ಎರಡನೆಯದು, ಅಂದರೆ ‘ಆರ್2’, ಅಷ್ಟೇ ಚೆನ್ನಾಗಿದೆಯಾ, ಇಲ್ಲ ಸುಮ್ನೆ ಎಳೆದಿದ್ದಾರಾ ಅಂತ ಕೇಳಿದ್ದೀರಿ. ನಾನು ಇದನ್ನು ಮೂರು ಸಲ ನೋಡಿದ್ದೇನೆ. ಎಳೆದಿಲ್ಲ. ಐವತ್ತು ಎಪಿಸೋಡಿಗೆ ಆಗುವಷ್ಟು ಸರಕನ್ನು 25ರಲ್ಲಿ ತುರುಕಿದ್ದಾರೆ, ತೊಂದರೆ ಇರುವುದು ಅಲ್ಲಿ. ಕೊನೆ ಏನಾಗುತ್ತದೆ ಅಂತ ಹೇಳುವುದಿಲ್ಲ. ಆದರೆ ಮೊದಲ ಎಂಟು ಎಪಿಸೋಡಿನ ಒಂದೆರಡು ವಿಷಯ ಹೇಳದೆ ಉತ್ತರ ಕೊಡಲು ಆಗುವುದಿಲ್ಲ. ಅದೂ ಬೇಡ ಅಂದರೆ ಇಲ್ಲಿಗೇ ನಿಲ್ಲಿಸಿ.

ಮೊದಲ ಸೀಸನ್ ಎಲ್ಲಿ ನಿಂತಿತ್ತು ನೆನಪಿದೆಯಲ್ಲ? ನಾಯಕ ಲೆಲೂಷ್, ಬ್ರಿಟಾನಿಯಾ ಸೇನೆಯಲ್ಲಿರುವ ಅವನ ಹಳೆಯ ಗೆಳೆಯ ಸುಜಾಕು ಎದುರುಬದುರು ಪಿಸ್ತೂಲು ಹಿಡಿದು ನಿಂತಿದ್ದರು. ಗುಂಡಿನ ಸದ್ದು ಕೇಳಿತು, ಮುಗಿಯಿತು. ಆರ್2 ಹಾಕಿದರೆ ಒಂದು ವರ್ಷ ಕಳೆದುಹೋಗಿದೆ. ಲೆಲೂಷ್ ಮತ್ತೆ ಸ್ಕೂಲ್ ಹುಡುಗ, ಮತ್ತೆ ದುಡ್ಡಿಗೆ ಚೆಸ್ ಆಡುತ್ತಿದ್ದಾನೆ. ಜಪಾನನ್ನು ಆಕ್ರಮಿಸಿಕೊಂಡ ಬ್ರಿಟಾನಿಯಾ ಸಾಮ್ರಾಜ್ಯದ ವಿರುದ್ಧ ದಂಗೆ ಎದ್ದ ಮುಖವಾಡದ ನಾಯಕ ಜೀರೋ ತಾನೇ ಅನ್ನುವುದು ಅವನಿಗೆ ನೆನಪೇ ಇಲ್ಲ. ತಂಗಿ ನನಲೀ ಇರಬೇಕಾದ ಜಾಗದಲ್ಲಿ ರೋಲೋ ಅಂತ ಒಬ್ಬ ತಮ್ಮ ಕೂತಿದ್ದಾನೆ. ನಾನಂತೂ ತಪ್ಪು ಫೈಲ್ ಹಾಕಿದೆನಾ ಅಂತ ನಿಲ್ಲಿಸಿ ಹೆಸರು ನೋಡಿದ್ದೆ.

ಇದಕ್ಕೆ ಕಥೆಯ ಹೊರಗೂ ಒಂದು ಕಾರಣ ಇದೆ. 2006ರಲ್ಲಿ ಶುರುವಾದ ಮೊದಲ ಸೀಸನ್ ಜಪಾನಿನ ಟಿವಿಯಲ್ಲಿ ತಡರಾತ್ರಿ ಬರುತ್ತಿತ್ತು. 2008ರ ಏಪ್ರಿಲ್‌ನಲ್ಲಿ ಬಂದ ಎರಡನೆಯದಕ್ಕೆ ಭಾನುವಾರ ಸಂಜೆ 5 ಗಂಟೆಯ ಜಾಗ ಸಿಕ್ಕಿತು. ಹಳೆಯ ಕಥೆ ಗೊತ್ತಿಲ್ಲದವರೂ ಆ ಹೊತ್ತಿಗೆ ಟಿವಿ ಮುಂದೆ ಇರುತ್ತಾರೆ. ಅವರಿಗೋಸ್ಕರ ನಿರ್ದೇಶಕ ಗೊರೊ ತನಿಗುಚಿ ಮತ್ತು ಕಥೆ ಬರೆದ ಇಚಿರೊ ಓಕೋಚಿ ಮತ್ತೆ ಅಆಇಈಯಿಂದ ಶುರು ಮಾಡಬೇಕಾಯಿತು. ಮೊದಲ ಸೀಸನ್ ನೋಡಿ ಬಂದ ನಮಗೆ ಇದು ತಿಂದ ಊಟವನ್ನೇ ಮತ್ತೆ ಬಡಿಸಿದ ಹಾಗೆ ಅನ್ನಿಸುತ್ತದೆ.

ಐದನೇ ಎಪಿಸೋಡಿನ ಕೊನೆಯ ಒಂದು ನಿಮಿಷ ಬರುವವರೆಗೆ ಮಾತ್ರ. ಅಷ್ಟರಲ್ಲಿ ಲೆಲೂಷ್‌ಗೆ ನೆನಪು ವಾಪಸ್ ಬಂದಿದೆ, ಆದರೆ ಬಂದಿಲ್ಲ ಅಂತ ನಾಟಕ ಆಡುತ್ತಿದ್ದಾನೆ. ಸುಜಾಕುಗೆ ಅನುಮಾನ. ಅವನು ಸುಮ್ಮನೆ ಒಂದು ಫೋನ್ ಕೈಗೆ ಕೊಡುತ್ತಾನೆ, ಹೊಸ ಗವರ್ನರ್ ಮಾತಾಡಬೇಕಂತೆ ಅಂತ. ಆ ಕಡೆಯಿಂದ ಕೇಳುವ ದನಿ ನನಲೀಯದು. “ಅಣ್ಣಾ?” ಅನ್ನುತ್ತಾಳೆ. ಗುರುತು ಹಿಡಿದ ಹಾಗೆ ಮಾತಾಡಿದರೆ ಸಿಕ್ಕಿಬಿದ್ದ. ನೀನು ಯಾರೋ ಗೊತ್ತಿಲ್ಲ ಅಂದರೆ ಯಾರಿಗೋಸ್ಕರ ಇಷ್ಟೆಲ್ಲ ಮಾಡಿದನೋ ಅವಳ ಎದೆ ಒಡೆಯುತ್ತದೆ. ಸುಜಾಕು ಕಣ್ಣು ಮಿಟುಕಿಸದೆ ಇವನ ಮುಖವನ್ನೇ ನೋಡುತ್ತಾ ನಿಂತಿದ್ದಾನೆ. ಒಂದೇ ಒಂದು ರೋಬಾಟ್ ಇಲ್ಲ. ನನ್ನ ಪ್ರಕಾರ ಇಡೀ ಸೀಸನ್ನಿನಲ್ಲಿ ಇದಕ್ಕಿಂತ ಎದೆ ಢವಢವ ಅನ್ನಿಸುವ ಜಾಗ ಇನ್ನೊಂದಿಲ್ಲ. ಹೇಗೆ ಪಾರಾದ ಅಂತ ನೀವೇ ನೋಡಿ.

ಎಂಟನೇ ಎಪಿಸೋಡ್ ಇನ್ನೊಂದು ರೀತಿಯಲ್ಲಿ ಜಾಣ. ಬ್ರಿಟಾನಿಯಾದ ರಾಜಕುಮಾರಿ ಯೂಫೆಮಿಯಾ ಜಪಾನೀಯರಿಗೋಸ್ಕರ ಮಾಡಿದ ಆ ‘ವಿಶೇಷ ವಲಯ’ ನೆನಪಿದೆಯಲ್ಲ, ರಕ್ತದಲ್ಲಿ ಮುಗಿದದ್ದು? ಅದನ್ನೇ ಮತ್ತೆ ಮಾಡುತ್ತಾರೆ. ಜೀರೋ ಒಬ್ಬನನ್ನು ಗಡೀಪಾರು ಮಾಡಲು ಬ್ರಿಟಾನಿಯಾ ಒಪ್ಪುತ್ತದೆ. ಆಮೇಲೆ ಅಲ್ಲಿ ಸೇರಿದ ಹತ್ತು ಲಕ್ಷ ಜನರೂ ಜೀರೋ ವೇಷ ಹಾಕಿಕೊಂಡು ನಿಲ್ಲುತ್ತಾರೆ. ಈಗ ಯಾರನ್ನು ಬಿಡುತ್ತೀರಿ, ಯಾರನ್ನು ಹಿಡಿಯುತ್ತೀರಿ? ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ನಾನು ಒಬ್ಬನೇ ಕೂತು ಚಪ್ಪಾಳೆ ಹೊಡೆದಿದ್ದೆ.

ಈಗ ಬೈಗುಳ. ರೋಬಾಟ್ ಕಾಳಗಕ್ಕೋಸ್ಕರ ನೋಡುವವರಾದರೆ ನಿಮಗೆ ಬೇಜಾರಾಗಬಹುದು. ಮೊದಲ ಸೀಸನ್ನಿನಲ್ಲಿ ನೈಟ್‌ಮೇರ್‌ಗಳು, ಅಂದರೆ ಒಳಗೆ ಕೂತು ಓಡಿಸುವ ಯುದ್ಧದ ರೋಬಾಟ್‌ಗಳು, ಹೆಚ್ಚಾಗಿ ನೆಲದ ಮೇಲೆ ಚಕ್ರದಲ್ಲಿ ಓಡುತ್ತಿದ್ದವು, ಗೋಡೆಗೆ ಹಗ್ಗದ ಕೊಕ್ಕೆ ಎಸೆದು ಏರುತ್ತಿದ್ದವು. ಹಾಗಾಗಿ ಜಾಗಕ್ಕೆ ಬೆಲೆ ಇತ್ತು. ನರಿಟಾ ಬೆಟ್ಟದಲ್ಲಿ ಜೀರೋ ಪಡೆಯ ಕಲೆನ್ ಓಡಿಸುವ ಗುರೆನ್ ಅನ್ನುವ ರೋಬಾಟ್ ಭೂಮಿಯೊಳಗಿನ ನೀರನ್ನು ಕಾಯಿಸಿ ಗುಡ್ಡವನ್ನೇ ಜರಿಸಿತಲ್ಲ, ಆ ಲೆಕ್ಕಾಚಾರ ಇಲ್ಲಿ ಕಡಿಮೆ. ಲೆಲೂಷ್‌ನ ಸ್ಕೂಲ್ ಗೆಳತಿ ಶರ್ಲಿಯ ಅಪ್ಪ ಸತ್ತದ್ದೂ ಆ ಮಣ್ಣಿನಲ್ಲೇ. ಗೆಲುವಿಗೆ ತೆತ್ತ ಬೆಲೆ ಅಲ್ಲಿ ಕಣ್ಣಿಗೆ ಕಾಣುತ್ತಿತ್ತು. ಆರ್2ನಲ್ಲಿ ಬಹುತೇಕ ಎಲ್ಲರೂ ಹಾರುತ್ತಾರೆ. ಸೋಲುವ ಹಂತಕ್ಕೆ ಬಂದರೆ ಯಾರೋ ಹೊಸ ಮೆಷಿನ್ ತರುತ್ತಾರೆ. ಅದರ ಮೇಲೆ ಇನ್ನೂ ಹೊಸದೊಂದು. ಕೊನೆಕೊನೆಗೆ ಆಕಾಶದಲ್ಲಿ ದೀಪಾವಳಿ. ಯಾರು ಎಲ್ಲಿದ್ದಾರೆ ಅನ್ನುವುದೇ ತಿಳಿಯುವುದಿಲ್ಲ.

ಮಧ್ಯಭಾಗ ಸಿಕ್ಕಾಪಟ್ಟೆ ಅವಸರ. 12ನೆಯದರಲ್ಲಿ ಸ್ಕೂಲಿನ ಹುಡುಗ ಹುಡುಗಿಯರು ಟೋಪಿ ಬದಲಾಯಿಸಿಕೊಂಡು ಜೋಡಿಯಾಗುವ ಆಟ, ಒಂದೇ ನಗು. 13 ನೋಡಿ ಮುಗಿಸಿದ ಮೇಲೆ ನನಗೆ ಊಟ ಸೇರಲಿಲ್ಲ. ಇಷ್ಟು ಬೇಗ ಬಣ್ಣ ಬದಲಿಸುವುದು ತಪ್ಪು ಅಂತ ಕೆಲವರು ಹೇಳುತ್ತಾರೆ. ನನಗೆ ಅದು ಹಿಡಿಸಿತು. ಹಿಡಿಸದೇ ಇದ್ದದ್ದು 19ನೆಯದು. ಅಲ್ಲಿ ಕೆಲವರು ಒಂದು ಕೋಣೆಯಲ್ಲಿ ಕೂತು ಬಹಳ ದೊಡ್ಡ ತೀರ್ಮಾನ ತೆಗೆದುಕೊಳ್ಳುತ್ತಾರೆ. ಸಾಕ್ಷಿ ತಂದುಕೊಟ್ಟವನು ಶತ್ರು. ಯಾರೂ ಎರಡನೇ ಸಲ ಯೋಚಿಸುವುದಿಲ್ಲ. ನಮ್ಮ ಕಡೆ ಹಳ್ಳಿ ಪಂಚಾಯ್ತಿಯಲ್ಲೂ ಎದುರು ಪಾರ್ಟಿಯನ್ನು ಕರೆಸಿ ಒಂದು ಮಾತು ಕೇಳುತ್ತಾರೆ, ಅಲ್ವಾ? ಇದಕ್ಕೆ ಎರಡು ಎಪಿಸೋಡ್ ಕೊಟ್ಟಿದ್ದರೆ ನಂಬಬಹುದಿತ್ತು. ಆ ಎರಡು ಎಪಿಸೋಡ್ ಶುರುವಿನ ಅಆಇಈಗೆ ಖರ್ಚಾಗಿಬಿಟ್ಟಿವೆ.

25ನೆಯದರ ಬಗ್ಗೆ ಒಂದೇ ಮಾತು. ಅದನ್ನು ನೋಡಿದ ಮೇಲೆ ಹಿಂದಿನ ಮೂರು ಎಪಿಸೋಡನ್ನು ಮತ್ತೆ ಹಾಕಿ ನೋಡಿ. ಲೆಲೂಷ್‌ನ ಮಾತುಗಳ ಅರ್ಥವೇ ಬೇರೆ ಆಗುತ್ತದೆ.

ಇನ್ನೊಂದು ವಿಷಯ. 2019ರ ಸಿನಿಮಾದ ವಿವರಣೆಯನ್ನು ಈಗಲೇ ಓದಬೇಡಿ, ಅದರ ಹೆಸರೇ ಗುಟ್ಟು ಬಿಟ್ಟುಕೊಡುತ್ತದೆ. ಅದು ಟಿವಿ ಕಥೆಯ ನೇರ ಮುಂದುವರಿಕೆಯೂ ಅಲ್ಲ. ಅದಕ್ಕೂ ಮುಂಚೆ ಕಥೆಯನ್ನು ಮೂರು ಸಿನಿಮಾಗಳಾಗಿ ಕತ್ತರಿಸಿ ಜೋಡಿಸಿದ್ದರು, ಒಬ್ಬರ ಹಣೆಬರಹವನ್ನೂ ಬದಲಾಯಿಸಿದ್ದರು. ಇದು ಅದರ ಮುಂದಿನದು. ಮತ್ತೆ 18ನೇ ಎಪಿಸೋಡನ್ನು ರಾತ್ರಿ ಹತ್ತರ ಮೇಲೆ ಶುರು ಮಾಡಬೇಡಿ, ಬೆಳಿಗ್ಗೆ ಕೆಲಸ ಇದ್ದರೆ.