ಓದುಗರ ಪ್ರಶ್ನೆ: ಅರ್ಥ ತಿಳಿಯದೆ ಹೇಳಿದ ಪ್ರಾರ್ಥನೆ ಪ್ರಾರ್ಥನೆಯೇ?

ಪ್ರಶ್ನೆ: ಯೆಹೂದಿಯರು ದಿನಕ್ಕೆ ಮೂರು ಹೊತ್ತು ಒಂದೇ ಪುಸ್ತಕ ಹಿಡಿದು, ಅವೇ ಮಾತುಗಳನ್ನು ಹೀಬ್ರೂ ಭಾಷೆಯಲ್ಲಿ ಹೇಳುತ್ತಾರೆಂದು ಓದಿದ್ದೇನೆ. ಅರ್ಥ ತಿಳಿಯದೆ ಹೇಳಿದರೂ ಅದು ಪ್ರಾರ್ಥನೆ ಎನಿಸಿಕೊಳ್ಳುತ್ತದೆಯೇ? ದಿನವೂ ಹೇಳುವ ಮಾತು ಗಿಳಿಪಾಠವಾಗುವುದಿಲ್ಲವೇ?

ಉತ್ತರ: ನಿಮ್ಮ ಈ ಸಂಶಯ ಆ ಸಂಪ್ರದಾಯದ ಒಳಗಿನವರಿಗೇ ಬಹಳ ಹಿಂದೆ ಬಂದಿತ್ತು. ಕ್ರಿ.ಶ. 200ರ ಸುಮಾರಿಗೆ ಸಂಕಲಿತವಾದ ಮಿಶ್ನಾ ಎಂಬ ಯೆಹೂದಿ ಧರ್ಮನಿಯಮಗಳ ಗ್ರಂಥದ ಒಂದೇ ಅಧ್ಯಾಯದಲ್ಲಿ, ದಿನವೂ ಹದಿನೆಂಟು ಸ್ತುತಿಗಳನ್ನು ಹೇಳಲೇಬೇಕೆಂದು ಧರ್ಮಗುರು ರಬ್ಬಾನ್ ಗಮ್ಲಿಯೇಲ್ ವಿಧಿಸುತ್ತಾರೆ; ಅದರ ಬೆನ್ನಿಗೇ, ಪ್ರಾರ್ಥನೆಯನ್ನು ಕಟ್ಟುಪಾಡಾಗಿ ಮಾಡಿಕೊಂಡವನದು ಮೊರೆಯೇ ಅಲ್ಲವೆಂದು ರಬ್ಬಿ ಎಲಿಯೇಜರ್ ಹೇಳುತ್ತಾರೆ. ಈ ಎರಡು ಮಾತುಗಳಲ್ಲಿ ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಕೈಬಿಡದೆ, ಎರಡನ್ನೂ ಜೊತೆಯಲ್ಲೇ ಇಟ್ಟುಕೊಂಡು ಬಂದದ್ದು ಯೆಹೂದಿ ಪ್ರಾರ್ಥನೆಯ ದೊಡ್ಡ ವಿವೇಕವೆಂದು ನಾನು ತಿಳಿದಿದ್ದೇನೆ.

ಮನಸ್ಸನ್ನು ಮಾತಿನ ಮೇಲೆ ನೆಲೆಗೊಳಿಸುವುದಕ್ಕೆ ಅವರಲ್ಲಿ ‘ಕವ್ವಾನಾ’ ಎಂಬ ಹೆಸರಿದೆ. ಹನ್ನೆರಡನೆಯ ಶತಮಾನದ ಯೆಹೂದಿ ಶಾಸ್ತ್ರಕಾರ ಮೈಮೋನಿಡೀಸ್, ಕವ್ವಾನಾ ಇಲ್ಲದ ಪ್ರಾರ್ಥನೆ ಪ್ರಾರ್ಥನೆಯಲ್ಲವೆಂದೂ, ಹಾಗೆ ಹೇಳಿದವನು ಮನಸ್ಸಿಟ್ಟು ಮತ್ತೊಮ್ಮೆ ಹೇಳಬೇಕೆಂದೂ, ಪ್ರಯಾಣದಿಂದ ದಣಿದು ಬಂದವನು ಮನಸ್ಸು ತಿಳಿಯಾಗುವವರೆಗೆ ಕಾಯಬೇಕೆಂದೂ ಬರೆದರು. ಮನುಷ್ಯನ ಮನಸ್ಸಿನ ಚಂಚಲತೆಯನ್ನು ಬಲ್ಲ ನಂತರದ ಶಾಸ್ತ್ರಕಾರರು ಇದನ್ನು ಸ್ವಲ್ಪ ಸಡಿಲಿಸಿದರು. 1565ರಲ್ಲಿ ವೆನಿಸ್‌ನಲ್ಲಿ ಮುದ್ರಣಗೊಂಡ ಶುಲ್ಖಾನ್ ಆರೂಖ್ ಎಂಬ ಧರ್ಮಶಾಸ್ತ್ರದ ಪ್ರಕಾರ, ಇಡೀ ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲದಿದ್ದರೆ ಮೊದಲನೆಯ ಸ್ತುತಿಯಲ್ಲಾದರೂ ನಿಲ್ಲಬೇಕು. ಹಾಗೆಯೇ ಬೆಳಿಗ್ಗೆ ಮತ್ತು ರಾತ್ರಿ ಹೇಳುವ ‘ಶೆಮಾ’ದಲ್ಲಿ ಮೊದಲ ವಾಕ್ಯದ ಅರ್ಥ ಮನಸ್ಸಿನಲ್ಲಿರಲೇಬೇಕು.

ಆ ವಾಕ್ಯ ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯದ್ದು: ಇಸ್ರಾಯೇಲೇ ಕೇಳು, ಕರ್ತನು ನಮ್ಮ ದೇವರು, ಕರ್ತನು ಒಬ್ಬನೇ. ಹೀಬ್ರೂವಿನಲ್ಲಿ ಇದು ಆರೇ ಪದ. ಇದನ್ನು ಹೇಳುವಾಗ ಬಲಗೈಯಿಂದ ಕಣ್ಣು ಮುಚ್ಚಿಕೊಳ್ಳುವ ರೂಢಿಯಿದೆ, ಎದುರಿಗಿರುವುದು ಯಾವುದೂ ಗಮನ ಸೆಳೆಯಬಾರದೆಂದು. ತೋರಾ, ಅಂದರೆ ಮೋಶೆಯ ಐದು ಗ್ರಂಥಗಳ ಸುರುಳಿಯಲ್ಲಿ ಈ ವಾಕ್ಯದ ಮೊದಲ ಪದದ ಕೊನೆಯ ಅಕ್ಷರವನ್ನೂ ಕೊನೆಯ ಪದದ ಕೊನೆಯ ಅಕ್ಷರವನ್ನೂ ದೊಡ್ಡದಾಗಿ ಬರೆಯುತ್ತಾರೆ. ಎರಡನ್ನೂ ಕೂಡಿಸಿದರೆ ‘ಏದ್’, ಅಂದರೆ ಸಾಕ್ಷಿ ಎಂಬ ಪದವಾಗುತ್ತದೆ. ಹೇಳುವವನು ತಾನೇ ಸಾಕ್ಷಿಯಾಗಿ ನಿಲ್ಲುತ್ತಾನೆ ಎಂಬುದು ಸಾಂಪ್ರದಾಯಿಕ ವಿವರಣೆ. ಇನ್ನೊಂದು ಮಾತನ್ನೂ ಗಮನಿಸಬೇಕು: ಮಾನವನು ದೇವರಿಗೆ ಹೇಳುವ ಮಾತಾಗಿರುವ ಬದಲು, ಇದು ಮಾನವನನ್ನೇ ‘ಕೇಳು’ ಎನ್ನುವ ಮಾತು. ಪ್ರಾರ್ಥನೆಯ ನಡುವೆ ಕೇಳಿಸಿಕೊಳ್ಳುವುದಕ್ಕೆ ಇಷ್ಟು ದೊಡ್ಡ ಸ್ಥಾನವಿರುವುದು ನನ್ನನ್ನು ಇಂದಿಗೂ ತಡೆದು ನಿಲ್ಲಿಸುತ್ತದೆ.

ಇನ್ನು ಭಾಷೆಯ ವಿಷಯ. ಶೆಮಾವನ್ನೂ ನಿತ್ಯಪ್ರಾರ್ಥನೆಯನ್ನೂ ಯಾವ ಭಾಷೆಯಲ್ಲಾದರೂ ಹೇಳಬಹುದೆಂದು ಮಿಶ್ನಾ ಸ್ಪಷ್ಟವಾಗಿ ಅನುಮತಿಸಿದೆ. ಹೀಬ್ರೂವನ್ನು ಉಳಿಸಿಕೊಂಡದ್ದಕ್ಕೆ ಬೇರೆ ಬೇರೆ ದೇಶಗಳಲ್ಲಿ ಚದುರಿದ ಜನರು ಒಂದೇ ಮಾತಿನಲ್ಲಿ ಕೂಡಬೇಕೆಂಬ ಆಸೆಯೂ ಕಾರಣ. ಆದ್ದರಿಂದಲೇ ಅನೇಕ ಪ್ರಾರ್ಥನಾಪುಸ್ತಕಗಳಲ್ಲಿ, ಅಂದರೆ ‘ಸಿದ್ದೂರ್’ಗಳಲ್ಲಿ, ಹೀಬ್ರೂ ಪಠ್ಯದ ಎದುರು ಪುಟದಲ್ಲಿ ಓದುಗನ ಭಾಷೆಯ ಅನುವಾದವಿರುತ್ತದೆ. ಅರ್ಥ ತಿಳಿಯಬಯಸುವವರಿಗೆ ನನ್ನ ಸಲಹೆ ಇಷ್ಟೇ: ಇಡೀ ಪುಸ್ತಕದ ಅನುವಾದವನ್ನು ಒಂದೇ ಸಲ ಓದಿ ಮುಗಿಸಬೇಡಿ. ಒಂದು ಸ್ತುತಿಯನ್ನು ಹಿಡಿದು, ಅದರ ಪದಗಳು ಪರಿಚಿತವಾಗುವವರೆಗೆ ಅಲ್ಲಿಯೇ ಇರಿ.

ಪ್ರಶ್ನೆ: ನಿಂತು ಹೇಳುವ ಪ್ರಾರ್ಥನೆಗೆ ‘ಹದಿನೆಂಟು’ ಎಂಬ ಹೆಸರಿದ್ದರೂ ಅದರಲ್ಲಿ ಹತ್ತೊಂಬತ್ತು ಸ್ತುತಿಗಳಿವೆಯಲ್ಲ?

ಉತ್ತರ: ನಿಜ. ಮಿಶ್ನಾದ ಮೇಲಿನ ಚರ್ಚೆಗಳ ಗ್ರಂಥವಾದ ತಾಲ್ಮೂದ್ ಹೇಳುವಂತೆ, ಯಾವ್ನೆ ಎಂಬ ಊರಿನಲ್ಲಿ ಒಂದು ಸ್ತುತಿ ನಂತರ ಸೇರಿತು. ಹಳೆಯ ಹೆಸರು ಮಾತ್ರ ಹಾಗೆಯೇ ಉಳಿಯಿತು. ನಿಂತು ಹೇಳುವುದರಿಂದ ಇದನ್ನು ‘ಅಮಿದಾ’ ಎಂದೂ ಕರೆಯುತ್ತಾರೆ. ವಾರದ ವಿಶ್ರಾಂತಿ ದಿನವಾದ ಸಬ್ಬತ್‌ನಲ್ಲಿ ನಡುವಿನ ಬೇಡಿಕೆಗಳನ್ನು ಬಿಡುವುದರಿಂದ ಏಳೇ ಸ್ತುತಿಗಳಿರುತ್ತವೆ.

ಪ್ರಶ್ನೆ: ಅಮಿದಾವನ್ನು ಪಿಸುಮಾತಿನಲ್ಲಿ, ಪ್ರತಿಯೊಬ್ಬರೂ ತಮ್ಮಷ್ಟಕ್ಕೆ ಹೇಳುತ್ತಾರೆ. ಆದರೂ ಬೇಡಿಕೆಗಳೆಲ್ಲ ‘ನಮಗೆ’ ಎಂದೇ ಇರುವುದೇಕೆ?

ಉತ್ತರ: ಪಿಸುಮಾತಿನ ಮೂಲವನ್ನು ತಾಲ್ಮೂದ್ ಬೈಬಲಿನ ಹನ್ನಳ ಕಥೆಯಲ್ಲಿ ಕಾಣುತ್ತದೆ. ಮಕ್ಕಳಿಲ್ಲದ ಆಕೆ ಶೀಲೋವಿನಲ್ಲಿ ಮೊರೆಯಿಡುವಾಗ ತುಟಿಗಳು ಮಾತ್ರ ಅಲುಗುತ್ತಿದ್ದವು, ಧ್ವನಿ ಕೇಳಿಸುತ್ತಿರಲಿಲ್ಲ. ಯಾಜಕನಾದ ಏಲಿ ಆಕೆ ಕುಡಿದಿದ್ದಾಳೆಂದು ಭಾವಿಸಿ ಗದರಿಸಿದ. ಒಬ್ಬಳ ಒಡಲ ಸಂಕಟದಿಂದ ಬಂದ ಆ ರೀತಿಯೇ ಎಲ್ಲರ ಪ್ರಾರ್ಥನೆಗೂ ಮಾದರಿಯಾಯಿತು.

ಆದರೆ ಮಾತುಗಳು ಬಹುವಚನದವು. ಮೊದಲ ಬೇಡಿಕೆ ತಿಳಿವಳಿಕೆಗಾಗಿ, ಏಕೆಂದರೆ ಏನನ್ನು ಬೇಡಬೇಕೆಂಬುದಕ್ಕೂ ತಿಳಿವಳಿಕೆ ಬೇಕು. ಬಳಿಕ ಕ್ಷಮೆ, ಆರೋಗ್ಯ, ಬೆಳೆ. ತನ್ನ ಮನೆಯ ರೋಗಿಯ ಹೆಸರನ್ನು ನಡುವೆ ಸೇರಿಸಲು ಅವಕಾಶವಿದ್ದರೂ, ವಾಕ್ಯ ಮಾತ್ರ ‘ನಮ್ಮನ್ನು ಗುಣಪಡಿಸು’ ಎಂದೇ ಇರುತ್ತದೆ. ಬೆಳೆಯ ಸ್ತುತಿಯಲ್ಲಿ ಮಳೆಗಾಲಕ್ಕೆ ಸರಿಯಾಗಿ ಮಳೆಯ ಬೇಡಿಕೆ ಸೇರುತ್ತದೆ. ಇಸ್ರೇಲ್ ನಾಡಿನಲ್ಲಿ ಇದನ್ನು ಶರತ್ಕಾಲದ ಪರ್ಣಶಾಲೆಗಳ ಹಬ್ಬ ಮುಗಿದ ಮರುದಿನವೇ ಆರಂಭಿಸದೆ, ಹದಿನೈದು ದಿನ ತಡೆದು ಹೆಷ್ವಾನ್ ತಿಂಗಳ ಏಳರಂದು ಆರಂಭಿಸುತ್ತಾರೆ. ಕಾರಣವನ್ನು ಮಿಶ್ನಾ ಕೊಡುತ್ತದೆ: ಹಬ್ಬಕ್ಕೆಂದು ಜೆರುಸಲೇಮಿಗೆ ಬಂದವರಲ್ಲಿ ಕಟ್ಟಕಡೆಯವನು ಯೂಫ್ರಟಿಸ್ ನದಿಯನ್ನು ತಲುಪುವವರೆಗೆ ದಾರಿ ಒಣಗಿರಬೇಕು. ದೇವಾಲಯ ಕ್ರಿ.ಶ. 70ರಲ್ಲಿ ನಾಶವಾಗಿ ಆ ಯಾತ್ರೆ ನಿಂತುಹೋದ ಮೇಲೂ, ಇಂದಿಗೂ, ಅಲ್ಲಿಯವರು ಮಳೆ ಬೇಡುವ ಮೊದಲು ಆ ಹದಿನೈದು ದಿನ ಕಾಯುತ್ತಾರೆ.