ಬೈ ರನ್ನು ಯಾರ ಲೆಕ್ಕಕ್ಕೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಐದು ಪತ್ರಗಳು ವಿಕೆಟ್ ಕೀಪಿಂಗ್ ಮತ್ತು ಇತರೆ ರನ್ನುಗಳ (ಬ್ಯಾಟಿನಿಂದ ಬಾರದೆ ತಂಡಕ್ಕೆ ಸೇರುವ ಬೈಯಂಥ ರನ್ನುಗಳ) ಸುತ್ತಲೇ ಇದ್ದುದರಿಂದ, ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವುಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಾನು ಕಾಲೇಜು ತಂಡದ ವಿಕೆಟ್ ಕೀಪರ್. ಇಂಗ್ಲೆಂಡಿನ ಕೌಂಟಿ ಪಂದ್ಯಗಳ ಸ್ಕೋರ್ ಪಟ್ಟಿಯನ್ನು ಮೊಬೈಲಿನಲ್ಲಿ ತಪ್ಪದೆ ನೋಡುತ್ತೇನೆ. ಅಲ್ಲಿ ಕೀಪರ್‌ಗಳ ಹೆಸರಿನ ಮುಂದೆ ಕ್ಯಾಚ್ ಎಷ್ಟು, ಸ್ಟಂಪಿಂಗ್ ಎಷ್ಟು ಎಂದು ಇರುತ್ತದೆಯೇ ಹೊರತು, ಬೈ ಎಷ್ಟು ಬಿಟ್ಟರು ಎಂಬುದು ಇರುವುದಿಲ್ಲ. ನಮ್ಮ ತರಬೇತುದಾರರಾದರೋ ಬೈ ರನ್ನುಗಳನ್ನೇ ಎಣಿಸಿ ನನಗೆ ಬೈಯುತ್ತಾರೆ. ಯಾವುದು ಸರಿ?
(ಪದವಿ ವಿದ್ಯಾರ್ಥಿ, ಹಾಸನ)

ಉತ್ತರ: ನಿಮ್ಮ ತರಬೇತುದಾರರ ಸಿಟ್ಟಿಗೆ ಕಾರಣವಿಲ್ಲವೆಂದು ಹೇಳಲಾರೆ, ಆದರೆ ಅವರು ಹಿಡಿದಿರುವುದು ಅರ್ಧ ಲೆಕ್ಕ. ಸ್ಕೋರ್ ಪುಸ್ತಕದಲ್ಲಿ ಬ್ಯಾಟಿನಿಂದ ಬಂದ ರನ್ನು ಎರಡು ಕಡೆ ದಾಖಲಾಗುತ್ತದೆ: ಬ್ಯಾಟರ್ ಹೆಸರಿನಲ್ಲಿ ಜಮೆಯಾಗಿ, ಬೌಲರ್ ಹೆಸರಿನಲ್ಲಿ ಖರ್ಚಾಗಿ. ವೈಡ್ ಮತ್ತು ನೋಬಾಲ್‌ಗಳು ಇತರೆ ರನ್ನುಗಳಿಗೆ ಸೇರಿದರೂ ಈಗ ಬೌಲರ್‌ನ ಖರ್ಚಿಗೂ ಬೀಳುತ್ತವೆ. ಸುಮಾರು 1980ರ ದಶಕದ ಮಧ್ಯದವರೆಗೆ ಅವೂ ಬೌಲರ್‌ಗೆ ಅಂಟುತ್ತಿರಲಿಲ್ಲವಾದ್ದರಿಂದ, ಹಳೆಯ ಬೌಲರ್‌ಗಳ ಸರಾಸರಿಯನ್ನು ಇಂದಿನವರದರ ಪಕ್ಕದಲ್ಲಿಟ್ಟು ನೋಡುವವರು ಇದನ್ನು ನೆನಪಿಡಬೇಕು. ಬೈ ಮತ್ತು ಲೆಗ್ ಬೈಗಳು (ಚೆಂಡು ಬ್ಯಾಟಿಗೆ ತಾಗದೆ ಬ್ಯಾಟರ್‌ನ ಮೈಗೆ ತಾಗಿ ಹೋದಾಗ ಬಂದ ರನ್ನು ಲೆಗ್ ಬೈ) ಮಾತ್ರ ಯಾರ ಹೆಸರಿಗೂ ಏರದೆ ತಂಡದ ಇತರೆ ಸಾಲಿನಲ್ಲೇ ಉಳಿದುಬಿಡುತ್ತವೆ. ಬೌಲರ್‌ನ ಓವರಿನಲ್ಲಿ ನಾಲ್ಕು ಬೈ ಹೋದರೂ ಬೇರೆ ರನ್ ಬಾರದಿದ್ದರೆ ಅದು ಮೇಡನ್ ಓವರೇ, ಅಂದರೆ ಬೌಲರ್ ರನ್ನೇ ಕೊಡದ ಓವರ್.

ಒಂದು ಉದಾಹರಣೆಯನ್ನು ಬೆಂಗಳೂರಿನಿಂದಲೇ ಕೊಡುತ್ತೇನೆ. 2007ರ ಡಿಸೆಂಬರಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಾಕಿಸ್ತಾನದ ವಿರುದ್ಧ ಭಾರತ ಮೊದಲ ಇನಿಂಗ್ಸಿನಲ್ಲಿ 626 ರನ್ ಗಳಿಸಿತು. ಅದರಲ್ಲಿ ಇತರೆ ರನ್ನುಗಳೇ 76. ಟೆಸ್ಟ್ ಇನಿಂಗ್ಸ್ ಒಂದರಲ್ಲಿ ಅಷ್ಟು ಇತರೆ ರನ್ ಅದಕ್ಕೂ ಮೊದಲು ಬಂದಿರಲಿಲ್ಲ. ಬೈ 35, ಲೆಗ್ ಬೈ 26, ನೋಬಾಲ್ 15. ಬ್ಯಾಟರ್‌ಗಳ ರನ್ನುಗಳನ್ನು ಕೂಡಿದರೆ 550 ಬರಬೇಕು, ಬೌಲರ್‌ಗಳು ಕೊಟ್ಟ ರನ್ನುಗಳನ್ನು ಕೂಡಿದರೆ 565 ಬರಬೇಕು. ಉಳಿದ 61 ರನ್ನುಗಳಿಗೆ ಪಟ್ಟಿಯಲ್ಲಿ ಹೊಣೆಗಾರರೇ ಇಲ್ಲ. ಸ್ಕೋರರ್‌ಗಳು ಇನಿಂಗ್ಸ್ ಮುಗಿದ ಕೂಡಲೇ ಲೆಕ್ಕ ತಾಳೆ ನೋಡುವುದು ಹೀಗೆಯೇ.

ಹಾಗಾದರೆ ಬೈ ರನ್ನನ್ನು ಕೀಪರ್‌ನ ಹೆಸರಿಗೇ ಏಕೆ ಬರೆಯಬಾರದು ಎಂದು ನೀವು ಕೇಳಬಹುದು. ನಿಯಮದ ಪ್ರಕಾರ, ವೈಡ್ ಅಲ್ಲದ ಎಸೆತವು ಬ್ಯಾಟಿಗಾಗಲಿ ಬ್ಯಾಟರ್‌ನ ಮೈಗಾಗಲಿ ತಾಗದೆ ಹೋದಾಗ ಬಂದ ರನ್ನು ಬೈ. ಕೀಪರ್ ಅದನ್ನು ಹಿಡಿಯಬಹುದಾಗಿತ್ತೇ ಎಂಬ ಪ್ರಶ್ನೆಯನ್ನು ನಿಯಮ ಎತ್ತುವುದೇ ಇಲ್ಲ. ಲೆಗ್ ಸ್ಟಂಪಿನಿಂದ ಒಂದು ಗೇಣು ಆಚೆ ಬಿದ್ದ ಚೆಂಡು ಕೀಪರ್‌ನನ್ನು ದಾಟಿ ಬೌಂಡರಿಗೆ ಹೋಯಿತೆನ್ನಿ. ಒಂದು ದಿನದ ಪಂದ್ಯದಲ್ಲಿ ಅಂಪೈರ್ ಕೈಗಳನ್ನು ಅಗಲಿಸಿ ವೈಡ್ ಕೊಡುತ್ತಾರೆ, 5 ರನ್ ಬೌಲರ್‌ನ ತಲೆಗೆ. ನಾಲ್ಕು ದಿನಗಳ ಕೌಂಟಿ ಪಂದ್ಯದಲ್ಲಿ ವೈಡ್ ವಿಷಯದಲ್ಲಿ ಅಂಪೈರ್‌ಗಳು ಅಷ್ಟು ಬಿಗಿಯಾಗಿರುವುದಿಲ್ಲವಾದ್ದರಿಂದ ಅದೇ ಚೆಂಡಿಗೆ ಒಂದು ಅಂಗೈಯನ್ನು ತಲೆಯ ಮೇಲಕ್ಕೆತ್ತಿ 4 ಬೈ ಸೂಚಿಸಬಹುದು, ಆಗ ಬೌಲರ್‌ನ ಲೆಕ್ಕ ಚೊಕ್ಕಟ, ನೋಡುವವರ ಕಣ್ಣಲ್ಲಿ ತಪ್ಪಿತಸ್ಥ ಕೀಪರ್.

ಹಾಸನದ ಜಿಲ್ಲಾ ಕ್ರೀಡಾಂಗಣದಲ್ಲಿ ನಾರಿನ ಮ್ಯಾಟಿನ ಮೇಲೆ ನಡೆಯುತ್ತಿದ್ದ ಪಂದ್ಯಗಳಿಗೆ ಒಂದಷ್ಟು ವರ್ಷ ನಾನೇ ಸ್ಕೋರ್ ಬರೆದಿದ್ದೇನೆ. ಸ್ಕೋರರ್‌ಗಳು ಬೈ ರನ್ನಿಗೆ ತುದಿ ಮೇಲಾದ ತ್ರಿಕೋನವನ್ನು, ಲೆಗ್ ಬೈಗೆ ತುದಿ ಕೆಳಗಾದ ತ್ರಿಕೋನವನ್ನು ಹಾಕಿ ಅದರೊಳಗೆ ಅಂಕಿ ಬರೆಯುತ್ತಾರೆ. ಒಂದು ಮಧ್ಯಾಹ್ನ ಒಬ್ಬನೇ ಸ್ಪಿನ್ನರ್‌ನ ಸಾಲಿನಲ್ಲಿ ಸಾಲುಮರಗಳಂತೆ ಮೇಲ್ಮುಖದ ತ್ರಿಕೋನಗಳು ನಿಂತುಬಿಟ್ಟವು. ಆ ಕೀಪರ್ ಹುಡುಗ ಕೈಲಾಗದವನೆಂದೇ ನಾವೆಲ್ಲ ತೀರ್ಮಾನಿಸಿದ್ದೆವು. ಚಹಾ ವಿರಾಮದಲ್ಲಿ ಹೋಗಿ ನೋಡಿದರೆ ಮ್ಯಾಟಿನ ಅಂಚಿನ ಮೊಳೆಯೊಂದು ಎದ್ದು, ಅಲ್ಲಿ ಬಿದ್ದ ಚೆಂಡೆಲ್ಲ ನೆಲ ಹಿಡಿದು ನುಸುಳುತ್ತಿತ್ತು. ಮೊಳೆ ಹೊಡೆಸಿದೆವು, ತ್ರಿಕೋನಗಳೂ ನಿಂತವು. ಪುಸ್ತಕದಲ್ಲಿ ಮಾತ್ರ ಮೊಳೆಯ ಸುದ್ದಿ ಇಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಕೌಂಟಿ ಚರಿತ್ರೆಯಲ್ಲಿದೆ. 1899ರಲ್ಲಿ ಟಾಂಟನ್‌ನಲ್ಲಿ ಸಾಮರ್‌ಸೆಟ್ ವಿರುದ್ಧ ಹ್ಯಾಂಪ್‌ಷೈರ್ 7 ವಿಕೆಟ್‌ಗೆ 672 ರನ್ ಗಳಿಸಿದಾಗ ಸಾಮರ್‌ಸೆಟ್‌ನ ಕೀಪರ್ ಆರ್ಚ್‌ಡೇಲ್ ವಿಕಮ್ ಒಂದೇ ಒಂದು ಬೈ ಬಿಡಲಿಲ್ಲ. ಅವರು ಪಾದ್ರಿ, ಜೊತೆಗೆ ಚಿಟ್ಟೆ ಪತಂಗಗಳನ್ನು ಸಂಗ್ರಹಿಸುವ ಹವ್ಯಾಸದವರು. ಆ ದಿನ ಮೇಜರ್ ಪೂರ್ 304, ಕ್ಯಾಪ್ಟನ್ ವಿನ್ಯಾರ್ಡ್ 225 ಹೊಡೆದರು ಎಂಬುದನ್ನು ಗಮನಿಸಿದರೆ, ಕೀಪರ್‌ನ ಬಳಿಗೆ ಬಂದ ಚೆಂಡುಗಳೇ ಎಷ್ಟಿದ್ದವೋ ಎಂಬ ಅನುಮಾನ ನನಗಿದ್ದೇ ಇದೆ. ಆದರೂ ಅಷ್ಟು ಹೊತ್ತು ಬಗ್ಗಿ ನಿಂತವರ ಸಾಧನೆಯನ್ನು ಅಲ್ಲಗಳೆಯಲಾಗದು.

ನಿಮ್ಮ ಮಟ್ಟಿಗೆ ಹೇಳುವುದಾದರೆ, ಬೈ ಎಷ್ಟು ಎಂಬುದರ ಜೊತೆಗೆ ಎದುರಾಳಿ ತಂಡದ ಮೊತ್ತ ಎಷ್ಟು, ಬೌಲಿಂಗ್ ಮಾಡಿದವರು ಯಾರು, ನೀವು ಸ್ಟಂಪಿಗೆ ಅಂಟಿ ನಿಂತಿದ್ದಿರೋ ಹಿಂದೆ ನಿಂತಿದ್ದಿರೋ ಎಂಬುದನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಐದಾರು ಪಂದ್ಯಗಳ ನಂತರ ಅದನ್ನು ನಿಮ್ಮ ತರಬೇತುದಾರರ ಮುಂದಿಡಿ.

ಪ್ರಶ್ನೆ: ಕೌಂಟಿ ಚಾಂಪಿಯನ್‌ಶಿಪ್‌ನ ಪಟ್ಟಿಗಳಲ್ಲಿ ನೋಬಾಲ್ ರನ್ನುಗಳು ಯಾವಾಗಲೂ ಸಮಸಂಖ್ಯೆಯಲ್ಲೇ ಇರುವುದೇಕೆ?
(ಸ್ಕೋರರ್, ಕಡೂರು)

ಉತ್ತರ: ಅಲ್ಲಿ ಬಹಳ ವರ್ಷಗಳಿಂದ ಪ್ರತಿ ನೋಬಾಲಿಗೆ ಒಂದರ ಬದಲು 2 ರನ್ ದಂಡವಿದೆ. ಪಟ್ಟಿಯಲ್ಲಿ ನೋಬಾಲ್ 14 ಎಂದಿದ್ದರೆ ಗೆರೆ ದಾಟಿದ್ದು ಏಳು ಸಲ ಎಂದು ತಿಳಿಯಬೇಕು. 2017ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ನಿಯಮಾವಳಿಯ ನಂತರ, ನೋಬಾಲಿನಲ್ಲಿ ಬ್ಯಾಟಿಗೆ ತಾಗದೆ ಓಡಿದ ರನ್ನುಗಳನ್ನು ಬೈ ಅಥವಾ ಲೆಗ್ ಬೈ ಎಂದೇ ಬರೆಯುತ್ತಾರೆ. ಮೊದಲು ಅವೂ ನೋಬಾಲಿನ ಲೆಕ್ಕಕ್ಕೇ ಸೇರುತ್ತಿದ್ದುದರಿಂದ ಹಳೆಯ ಪಟ್ಟಿಗಳಲ್ಲಿ ನಿಮಗೆ ಬೆಸಸಂಖ್ಯೆಯೂ ಸಿಗಬಹುದು.

ಪ್ರಶ್ನೆ: ಲೆಸ್ ಏಮ್ಸ್ ಅವರ 418 ಸ್ಟಂಪಿಂಗ್ ದಾಖಲೆಯನ್ನು ಇನ್ನು ಯಾರಾದರೂ ಮುರಿಯುವುದುಂಟೇ? ಅವರಿಗಿಂತ ಬಾಬ್ ಟೇಲರ್ ದೊಡ್ಡ ಕೀಪರ್ ಎಂದು ನನ್ನ ಸ್ನೇಹಿತರೊಬ್ಬರು ವಾದಿಸುತ್ತಾರೆ.
(ನಿವೃತ್ತ ಅಧ್ಯಾಪಕರು, ಚಿಕ್ಕಮಗಳೂರು)

ಉತ್ತರ: ಮುರಿಯುವುದಿಲ್ಲ ಎಂದೇ ನನ್ನ ಅಭಿಪ್ರಾಯ. ಕೆಂಟ್ ತಂಡದ ಏಮ್ಸ್ ಪ್ರಥಮ ದರ್ಜೆ ಪಂದ್ಯಗಳಲ್ಲಿ ಔಟ್ ಮಾಡಿದ 1,121 ಬ್ಯಾಟರ್‌ಗಳಲ್ಲಿ 703 ಮಂದಿ ಕ್ಯಾಚಿಗೆ, 418 ಮಂದಿ ಸ್ಟಂಪಿಂಗಿಗೆ (ಬ್ಯಾಟರ್ ಗೆರೆ ಬಿಟ್ಟು ಮುಂದೆ ಹೋದಾಗ ಕೀಪರ್ ಬೇಲ್ಸ್ ಬೀಳಿಸುವುದು) ಬಲಿಯಾದವರು. ಅಂದರೆ ನೂರಕ್ಕೆ ಸುಮಾರು 37 ಮಂದಿ ಸ್ಟಂಪ್ಡ್. ಡರ್ಬಿಷೈರ್‌ನ ಬಾಬ್ ಟೇಲರ್ ಅವರದು 1,649, ಪ್ರಥಮ ದರ್ಜೆಯಲ್ಲಿ ಎಲ್ಲರಿಗಿಂತ ಹೆಚ್ಚು. ಅದರಲ್ಲಿ ಕ್ಯಾಚ್ 1,473, ಸ್ಟಂಪಿಂಗ್ 176. ನೂರಕ್ಕೆ ಹನ್ನೊಂದೂ ಇಲ್ಲ. ಇವರಿಬ್ಬರ ನಡುವಿನ ಈ ಅಂತರವನ್ನು ಕೈಚಳಕದ ಅಂತರವೆಂದು ಓದಿದರೆ ದಾರಿ ತಪ್ಪುತ್ತೇವೆ.

ಏಮ್ಸ್ ಅವರ ಮುಂದೆ ಬೌಲಿಂಗ್ ಮಾಡುತ್ತಿದ್ದವರು ಟಿಚ್ ಫ್ರೀಮನ್ ಎಂಬ ಕುಳ್ಳಗಿನ ಲೆಗ್ ಸ್ಪಿನ್ನರ್. 1928ರ ಒಂದೇ ಋತುವಿನಲ್ಲಿ 304 ವಿಕೆಟ್ ತೆಗೆದ ಮನುಷ್ಯ. ಮುಂದೆ ನುಗ್ಗಿ ಹೊಡೆಯಲು ಹೋದ ಬ್ಯಾಟರ್‌ನ ಬ್ಯಾಟನ್ನು ತಪ್ಪಿಸಿ ಚೆಂಡು ತಿರುಗುತ್ತಿತ್ತು, ಅಲ್ಲಿ ಏಮ್ಸ್ ಕಾದಿರುತ್ತಿದ್ದರು. 1929ರಲ್ಲಿ ಅವರು ಒಟ್ಟು 128 ಮಂದಿಯನ್ನು ಔಟ್ ಮಾಡಿದರು, 1932ರಲ್ಲಿ ಸ್ಟಂಪಿಂಗ್‌ಗಳೇ 64. ಜೊತೆಗೆ 102 ಶತಕಗಳನ್ನು ಹೊಡೆದವರು ಎಂಬುದನ್ನು ನಿಮ್ಮ ಸ್ನೇಹಿತರಿಗೆ ನೆನಪಿಸಿ. ಪಿಚ್‌ಗಳನ್ನು ಮಳೆಯಿಂದ ಮುಚ್ಚಿಡತೊಡಗಿದ ಮೇಲೆ, ವೇಗದವರು ಮತ್ತು ಮಧ್ಯಮ ವೇಗದವರೇ ಹೆಚ್ಚಿನ ಓವರುಗಳನ್ನು ಎಸೆಯತೊಡಗಿದ ಮೇಲೆ, ಕೌಂಟಿ ಕೀಪರ್ ದಿನದ ಬಹುಪಾಲು ಹೊತ್ತು ಸ್ಟಂಪಿನಿಂದ ದೂರವೇ ನಿಲ್ಲುತ್ತಾನೆ. ದೂರ ನಿಂತವನಿಗೆ ಕ್ಯಾಚ್ ಸಿಗುತ್ತದೆ, ಸ್ಟಂಪಿಂಗ್ ಸಿಗುವುದಿಲ್ಲ, ಬೈ ಕೂಡ ಕಡಿಮೆಯಾಗುತ್ತದೆ. ಸ್ಟಂಪಿಗೆ ಅಂಟಿ ನಿಲ್ಲುವವನು ಆ ಬೈಗಳನ್ನು ತೆತ್ತೇ ಸ್ಟಂಪಿಂಗ್ ಸಂಪಾದಿಸಬೇಕು. ಆದ್ದರಿಂದ ಇಬ್ಬರಲ್ಲಿ ಯಾರು ದೊಡ್ಡವರೆಂಬ ಜಗಳವನ್ನು ಅಂಕಿಗಳಿಂದ ಬಗೆಹರಿಸಲಾಗದು, ಆದರೆ ಸ್ಟಂಪಿನ ಹತ್ತಿರ ಗ್ಲೌಸು ಆಡಿಸುವ ಕೆಲಸದಲ್ಲಿ ಟೇಲರ್ ಯಾರಿಗೂ ಕಡಿಮೆಯವರಲ್ಲವೆಂದು ನಂಬುವವರಲ್ಲಿ ನಾನೂ ಒಬ್ಬ.

ಏಮ್ಸ್ ಅವರ ಬೆಲೆ ಅವರಿಲ್ಲದ ದಿನ ಗೊತ್ತಾಯಿತು. 1934ರ ಓವಲ್ ಟೆಸ್ಟಿನಲ್ಲಿ ಆಸ್ಟ್ರೇಲಿಯಾದ ಮೊದಲ ಇನಿಂಗ್ಸ್ 701ಕ್ಕೆ ಮುಗಿದ ನಂತರ ಏಮ್ಸ್ ಬೆನ್ನು ಹಿಡಿದುಕೊಂಡು ಹೊರನಡೆದರು. ಎರಡನೆಯ ಇನಿಂಗ್ಸಿಗೆ ಗ್ಲೌಸು ತೊಟ್ಟವರು ಅದೇ ಕೆಂಟ್ ಕೌಂಟಿಯ ಫ್ರ್ಯಾಂಕ್ ವೂಲಿ. ಆಗ ಅವರಿಗೆ 47 ವರ್ಷ. ಕೀಪರ್ ಅಲ್ಲದೆ ಪ್ರಥಮ ದರ್ಜೆಯಲ್ಲಿ ಸಾವಿರಕ್ಕೂ ಹೆಚ್ಚು ಕ್ಯಾಚ್ ಹಿಡಿದ ಒಬ್ಬರೇ ಒಬ್ಬ ಆಟಗಾರ ಅವರು, ಒಟ್ಟು 1,018. ಅಂಥ ಕೈಗಳೂ 327 ರನ್ನುಗಳ ಆ ಇನಿಂಗ್ಸಿನಲ್ಲಿ 37 ಬೈ ಬಿಟ್ಟವು. ಸ್ಲಿಪ್ಪಿನಲ್ಲಿ ನಿಂತವನು ತನ್ನತ್ತ ಬಂದ ಚೆಂಡನ್ನು ಹಿಡಿದರೆ ಸಾಕು; ಕೀಪರ್ ಪ್ರತಿ ಎಸೆತಕ್ಕೂ ಏಳಬೇಕು, ಕೂರಬೇಕು, ಅದರಲ್ಲೂ ಬ್ಯಾಟು ಅಡ್ಡ ಬಂದು ಚೆಂಡು ಕಾಣದ ಅರೆಕ್ಷಣದಲ್ಲಿ ಗ್ಲೌಸನ್ನು ಸರಿಯಾದ ಕಡೆ ಇಟ್ಟಿರಬೇಕು.

ಪ್ರಶ್ನೆ: ನಮ್ಮೂರಿನ ಹೆಸರು ಹೊತ್ತ ಶ್ರೀನಾಥ್ ಕೌಂಟಿ ಆಡಿದ್ದರಂತೆ. ಬೌಲರ್ ಒಬ್ಬನ ಚೆಂಡಿಗೆ ಕೀಪರ್ ಕ್ಯಾಚ್ ಹಿಡಿದರೆ ವಿಕೆಟ್ ಯಾರದು, ರನೌಟ್ ಮಾಡಿದರೆ ಯಾರದು?
(ಓದುಗರು, ಜಾವಗಲ್)

ಉತ್ತರ: ಹೌದು, ಜಾವಗಲ್ ಶ್ರೀನಾಥ್ 1995ರಲ್ಲಿ ಗ್ಲಾಸ್ಟರ್‌ಷೈರ್ ಪರ ಆಡಿ ಆ ಋತುವಿನಲ್ಲಿ 87 ವಿಕೆಟ್ ಪಡೆದರು. ಅದೇ ವರ್ಷ ಅನಿಲ್ ಕುಂಬ್ಳೆ ನಾರ್ಥಾಂಪ್ಟನ್‌ಷೈರ್‌ಗೆ 105 ವಿಕೆಟ್ ತೆಗೆದುಕೊಟ್ಟರು. ಗ್ಲಾಸ್ಟರ್‌ಷೈರ್‌ನ ಕೀಪರ್ ಆಗ ಜಾಕ್ ರಸೆಲ್. ಸ್ಕೋರ್ ಪಟ್ಟಿಯಲ್ಲಿ ಹೆಸರಿನ ಪಕ್ಕ ಪುಟ್ಟ ಕಠಾರಿಯ ಗುರುತು ಇದ್ದರೆ ಅವರೇ ಕೀಪರ್ ಎಂದು ತಿಳಿಯಬೇಕು. ಕ್ಯಾಚ್ ಮತ್ತು ಸ್ಟಂಪಿಂಗ್ ಎರಡರಲ್ಲೂ ವಿಕೆಟ್ ಬೌಲರ್‌ನದು, ಔಟ್ ಮಾಡಿದ ಎಣಿಕೆ ಕೀಪರ್‌ನದು. ರನೌಟಿನಲ್ಲಿ ಬೇಲ್ಸ್ ಬೀಳಿಸಿದವನು ಕೀಪರನೇ ಆದರೂ ಅದು ಬೌಲರ್‌ಗೂ ಇಲ್ಲ, ಕೀಪರ್‌ನ ಒಟ್ಟು ಲೆಕ್ಕಕ್ಕೂ ಇಲ್ಲ. ಇನ್ನೊಂದು ಸ್ವಾರಸ್ಯ: ವೈಡ್ ಚೆಂಡಿನಲ್ಲೂ ಸ್ಟಂಪಿಂಗ್ ಆಗಬಹುದು, ಆಗ ಬೌಲರ್‌ಗೆ ಒಂದು ವಿಕೆಟ್ಟೂ ಸಿಗುತ್ತದೆ, ಒಂದು ರನ್ನಿನ ಖರ್ಚೂ ಬೀಳುತ್ತದೆ. ನೋಬಾಲಿನಲ್ಲಿ ಸ್ಟಂಪಿಂಗ್ ಇಲ್ಲ.

ಪ್ರಶ್ನೆ: ಮಗನ ಪಂದ್ಯದಲ್ಲಿ ಕೀಪರ್ ಹಿಂದೆ ಇಟ್ಟಿದ್ದ ಹೆಲ್ಮೆಟ್ಟಿಗೆ ಚೆಂಡು ತಾಗಿತು. ಅಂಪೈರ್ 5 ರನ್ ಕೊಟ್ಟರು. ಅದು ಬೈ ಆಗುತ್ತದೆಯೇ?
(ತಾಯಿಯೊಬ್ಬರು, ಸಕಲೇಶಪುರ)

ಉತ್ತರ: ಆಗುವುದಿಲ್ಲ. ಅದು ದಂಡದ ರನ್. ಇತರೆ ಸಾಲಿನಲ್ಲಿ ಬೈ, ಲೆಗ್ ಬೈಗಳ ಪಕ್ಕ ಅದಕ್ಕೆ ಪ್ರತ್ಯೇಕ ಸ್ಥಾನವಿದೆ, ಬೌಲರ್‌ನ ಖರ್ಚಿಗೆ ಸೇರುವುದಿಲ್ಲ. ಬಳಸದ ಹೆಲ್ಮೆಟ್ಟನ್ನು ಮೈದಾನದಲ್ಲಿ ಇಡಲೇಬೇಕಾದರೆ ಕೀಪರ್‌ನ ಹಿಂದೆ, ಎರಡೂ ಬದಿಯ ಸ್ಟಂಪುಗಳ ನೇರಕ್ಕೆ ಮಾತ್ರ ಇಡಬಹುದು. ಸ್ಪಿನ್ನರ್ ಬಂದಾಗ ಕೀಪರ್ ಅದನ್ನು ತೊಟ್ಟುಕೊಂಡೇ ಸ್ಟಂಪಿನ ಬಳಿ ನಿಂತರೆ ಹಲ್ಲೂ ಉಳಿಯುತ್ತದೆ, 5 ರನ್ನೂ ಉಳಿಯುತ್ತದೆ ಎಂದು ಮಗನಿಗೆ ತಿಳಿಸಿ.