ಅರ್ಧ ಗಂಟೆ ಮೀಟಿಂಗ್‌ಗೆ ಎಷ್ಟು ಚಾರ್ಜ್ ಮಾಡಬೇಕು?

ಪ್ರಶ್ನೆ: ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಮನೆಯಿಂದಲೇ ವೆಬ್‌ಸೈಟ್ ಕೆಲಸ ಮಾಡುತ್ತೇನೆ. ಮುಂಬೈನ ಅಂಧೇರಿಯ ಒಬ್ಬ ಕ್ಲೈಂಟ್ ವಾರಕ್ಕೊಮ್ಮೆ "ಸುಮ್ನೆ ಅರ್ಧ ಗಂಟೆ ಬಂದು ಹೋಗಿ" ಅಂತ ಕರೆಯುತ್ತಾರೆ. ಕೇಳಿದರೆ ಟಿಕೆಟ್ ದುಡ್ಡು ಕೊಡುತ್ತೇನೆ ಅನ್ನುತ್ತಾರೆ. ಜಾಸ್ತಿ ಕೇಳಿದರೆ ಕೆಲಸವೇ ಕೈತಪ್ಪುತ್ತದೋ ಅಂತ ಭಯ. ಏನು ಮಾಡಲಿ?

ಉತ್ತರ: ಟಿಕೆಟ್ ದುಡ್ಡನ್ನು ಮೊದಲು ಪಕ್ಕಕ್ಕಿಡಿ. ಹೋಗುತ್ತಿರುವುದು ನಿಮ್ಮ ಹೊತ್ತು.

11 ಗಂಟೆಗೆ ಮೀಟಿಂಗ್ ಅಂದರೆ 9ಕ್ಕೆ ಮನೆ ಬಿಡಬೇಕು, ಆ ನೂಕುನುಗ್ಗಲಿನಲ್ಲಿ ಲ್ಯಾಪ್‌ಟಾಪ್ ಬ್ಯಾಗನ್ನು ಎದೆಗೆ ಅವುಚಿಕೊಂಡು ಫಾಸ್ಟ್ ಲೋಕಲ್ ರೈಲಿನಲ್ಲಿ ನಿಲ್ಲಬೇಕು, ಘಾಟ್ಕೋಪರ್‌ನಲ್ಲಿ ಇಳಿದು ಮೆಟ್ರೋ ಹಿಡಿದು ಅಂಧೇರಿ, ಅಲ್ಲಿಂದ ರಿಕ್ಷಾ. ಅಲ್ಲಿ ಹೋದ ಮೇಲೆ "ಸಾಹೇಬರು ಕಾಲ್‌ನಲ್ಲಿದ್ದಾರೆ, ಕೂತ್ಕೊಳ್ಳಿ." ವಾಪಸ್ ಬಂದು ತಟ್ಟೆ ಮುಂದೆ ಕೂರುವಾಗ 2 ಗಂಟೆ ದಾಟಿರುತ್ತದೆ, ಅಲ್ವಾ? ಅದು ಅರ್ಧ ದಿನ. ಬಿಲ್ ಕೂಡ ಅರ್ಧ ದಿನದ್ದೇ ಆಗಬೇಕು.

ನಿಮ್ಮ ದಿನದ ರೇಟ್ ಹೀಗೆ ತೆಗೆಯಿರಿ. ತಿಂಗಳಿಗೆ 60,000 ರೂಪಾಯಿ ಬೇಕು ಅಂತಿಟ್ಟುಕೊಳ್ಳಿ. ಅದನ್ನು 25 ದಿನದಿಂದ ಭಾಗಿಸಬೇಡಿ, ಯಾಕೆಂದರೆ ಕೊಟೇಶನ್ ಬರೆಯುವುದು, ಬಾಕಿ ವಸೂಲಿಗೆ ಫೋನ್ ಮಾಡುವುದು, ಕೆಲಸವೇ ಇಲ್ಲದೆ ಕೂರುವುದು ಇವಕ್ಕೆಲ್ಲ ಯಾರೂ ದುಡ್ಡು ಕೊಡುವುದಿಲ್ಲ. ದುಡ್ಡು ಹುಟ್ಟುವ ದಿನ 15 ಅಂದರೆ ದಿನಕ್ಕೆ 4,000, ಅರ್ಧ ದಿನಕ್ಕೆ 2,000. ಅಂದರೆ ಈಗ ತಿಂಗಳಿಗೆ ನಾಲ್ಕು ಸಲ ಹೋಗಿ ಬಂದು ಹತ್ತಿರ ಹತ್ತಿರ 8,000 ಬಿಟ್ಟುಕೊಡುತ್ತಿದ್ದೀರಿ. ಇದನ್ನು ಓದಿ ನನಗೇ ಸಂಕಟವಾಯಿತು. ನಾನೂ ಶುರುವಿನಲ್ಲಿ ಎರಡು ವರ್ಷ ಹೀಗೇ ಓಡಾಡಿದ್ದೇನೆ.

ಎಲ್ಲ ಭೇಟಿಗೂ ಚಾರ್ಜ್ ಮಾಡಬೇಕಿಲ್ಲ. ಕೆಲಸ ಒಪ್ಪುವ ಮೊದಲಿನ ಒಂದು ಭೇಟಿ ಫ್ರೀ ಇರಲಿ. ನಿಮ್ಮ ತಪ್ಪು ಸರಿಪಡಿಸಲು ಹೋಗುವುದಿದ್ದರೆ ದುಡ್ಡು ಕೇಳಲೇಬೇಡಿ. ಮಳೆಗೆ ಲೋಕಲ್ ನಿಂತ ದಿನ ವಿಡಿಯೋ ಕಾಲ್ ಮಾಡಿ ಮುಗಿಸಿ. ಆದರೆ ನೀವು ಮನೆ ಬಿಟ್ಟ ಮೇಲೆ ಅವರು ಮೀಟಿಂಗ್ ಕ್ಯಾನ್ಸಲ್ ಮಾಡಿದರೆ ಅರ್ಧ ದಿನದ ಚಾರ್ಜ್ ಬೀಳುತ್ತದೆ ಅಂತ ಮೊದಲೇ ಹೇಳಿಡಿ.

ಇನ್ನು ಕೇಳುವುದು ಹೇಗೆ ಅಂತೀರಾ? ಎದುರಿಗೆ ಕೂತಾಗ ಬೇಡ, ಬಾಯಿ ಬರುವುದಿಲ್ಲ. ಮೇಲ್‌ನಲ್ಲಿ ಬರೆಯಿರಿ: "ಮುಂದಿನ ತಿಂಗಳಿಂದ ಆಫೀಸಿಗೆ ಬರುವ ಭೇಟಿಗೆ ಕನಿಷ್ಠ ಅರ್ಧ ದಿನದ ಚಾರ್ಜ್ 2,000 ರೂಪಾಯಿ, ಆಫೀಸಿನಲ್ಲೇ ನಾಲ್ಕು ತಾಸಿಗಿಂತ ಹೆಚ್ಚು ಕೂರಬೇಕಾದರೆ 4,000, ಓಡಾಟದ ಖರ್ಚು ಬೇರೆ. ವಿಡಿಯೋ ಕಾಲ್‌ಗೆ ಚಾರ್ಜ್ ಇಲ್ಲ." ಆ ಕೊನೆಯ ಸಾಲು ಬಿಡಬೇಡಿ. ಅವರಿಗೆ ಒಂದು ದಾರಿ ಕೊಟ್ಟಂತಾಗುತ್ತದೆ, ಜಗಳಕ್ಕೆ ಜಾಗ ಇರುವುದಿಲ್ಲ. ವಾರಕ್ಕೊಂದು ಭೇಟಿ ನಿಜಕ್ಕೂ ಬೇಕೇ ಬೇಕು ಅಂದರೆ ತಿಂಗಳ ಪ್ಯಾಕೇಜಿನಲ್ಲೇ ಆ ಭೇಟಿಗಳನ್ನೂ ಸೇರಿಸಿ ರೇಟ್ ಹೇಳಿ.

ಬಿಲ್‌ನಲ್ಲಿ ಭೇಟಿಯ ಚಾರ್ಜ್ ಒಂದು ಸಾಲು, ರಿಕ್ಷಾ-ರೈಲಿನ ಖರ್ಚು ಇನ್ನೊಂದು ಸಾಲು ಇರಲಿ. ಅವರು ಟಿಡಿಎಸ್ (ನಿಮ್ಮ ಪರವಾಗಿ ಮೊದಲೇ ಕಟ್ಟುವ ಆದಾಯ ತೆರಿಗೆ) ಮುರಿದುಕೊಂಡು ಕೊಟ್ಟರೆ ಗಾಬರಿ ಬೇಡ, ಆದಾಯ ತೆರಿಗೆ ಇಲಾಖೆಯ ಸೈಟ್‌ನಲ್ಲಿ ಅದು ನಿಮ್ಮ ಹೆಸರಿಗೆ ಬಂದಿದೆಯಾ ನೋಡಿ, ರಿಟರ್ನ್ ತುಂಬುವಾಗ ಲೆಕ್ಕಕ್ಕೆ ಸಿಗುತ್ತದೆ.

ಹಿಂದಿನ ಭೇಟಿಗಳಿಗೆ ಮಾತ್ರ ಈಗ ಬಿಲ್ ಕಳಿಸಬೇಡಿ. ಆಗ ನೀವು ಹೇಳಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ.